ಸಂತೆಯ ಮೊಟ್ಟೆಗೆ ತಂಪು ಪೆಟ್ಟಿಗೆ ಯಾಕೆ?



ನ್ಯೂಯಾರ್ಕ್ ನಗರದ ಯೂನಿಯನ್ ಸ್ಕ್ವೇರ್‌ನಲ್ಲಿ 1976ರಿಂದ ರೈತರ ಸಂತೆ ನಡೆಯುತ್ತಿದೆ. ಬೆಳೆದವರೇ ಅಲ್ಲಿ ಮಾರಬೇಕು. ನೀವು ಅಲ್ಲಿಗೆ ಹೋದಿರಿ ಅಂತ ಇಟ್ಟುಕೊಳ್ಳಿ. ಸೇಬು, ಸೊಪ್ಪು ಎಲ್ಲ ಮೇಜಿನ ಮೇಲೆ. ಮೊಟ್ಟೆ ಮಾತ್ರ ತಂಪು ಪೆಟ್ಟಿಗೆಯಲ್ಲಿ! ಪ್ಯಾರಿಸ್ಸಿನ ಸಂತೆಯಲ್ಲಾದರೆ ಮೊಟ್ಟೆ ನಮ್ಮೂರಿನ ಹಾಗೆ ಹೊರಗೇ ಇರುತ್ತದೆ. ಈ ವ್ಯತ್ಯಾಸ ಯಾಕೆ?

ಉತ್ತರ ಚಿಪ್ಪಿನಲ್ಲಿದೆ. ಅದರಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಚಿಪ್ಪಿನ ಮೇಲಿರುವ ತೆಳುವಾದ ಪೊರೆಯು ಗಾಳಿಯಾಡಲು ಬಿಟ್ಟು, ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊಟ್ಟೆಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಮಾರುತ್ತಾರೆ. ಕೊಳೆಯ ಜೊತೆ ಈ ಪೊರೆಯೂ ಹೋಗಿಬಿಡುತ್ತದೆ. ಆದ್ದರಿಂದ ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಆ ತಂಪಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯದು. ಫ್ರಾನ್ಸಿನಲ್ಲಿ ತೊಳೆಯದೆ ಮಾರುವುದರಿಂದ ಪೊರೆ ಉಳಿದಿರುತ್ತದೆ.

ಮಾಡಿ ನೋಡಿ: ದೊಡ್ಡವರ ಸಹಾಯದಿಂದ, ಬಿಸಿನೀರಿನ ಪಾತ್ರೆಗೆ ಹಸಿ ಮೊಟ್ಟೆಯೊಂದನ್ನು ಸೌಟಿನಿಂದ ಮೆಲ್ಲಗೆ ಇಳಿಸಿ. ಚಿಪ್ಪಿನಿಂದ ಗುಳ್ಳೆಗಳು ಏಳುತ್ತವೆ, ಅಗಲ ತುದಿಯಲ್ಲಿ ಹೆಚ್ಚು. ಅಲ್ಲಿರುವ ಗಾಳಿ ಬಿಸಿಗೆ ಹಿಗ್ಗಿ ರಂಧ್ರಗಳಿಂದ ಹೊರಬರುತ್ತಿದೆ.

ತಣ್ಣೀರಿನಲ್ಲಿ ಇದಕ್ಕೆ ವಿರುದ್ಧ. ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನ ನೀರನ್ನೂ ಕೊಳೆಯನ್ನೂ ಎಳೆದುಕೊಳ್ಳಬಹುದು. ಹಾಗಾಗಿ ಸಂತೆಯಿಂದ ತಂದ ಮೊಟ್ಟೆಯನ್ನು ತಣ್ಣೀರಲ್ಲಿ ತೊಳೆದು ಎತ್ತಿಡಬೇಡಿ. ಕೊಳೆಯಿದ್ದರೆ ಒಣಬಟ್ಟೆಯಲ್ಲಿ ಒರೆಸಿ, ಕೈಯನ್ನು ಸೋಪಿನಿಂದ ತೊಳೆಯಿರಿ. ತಿನ್ನುವಾಗ ಹಳದಿ ಗಟ್ಟಿಯಾಗುವವರೆಗೂ ಬೇಯಿಸಿ.

ಯೋಚಿಸಿ: ಫ್ರಿಜ್‌ನಿಂದ ತೆಗೆದಿಟ್ಟ ಮೊಟ್ಟೆಯ ಮೇಲೆ ನೀರಹನಿ ಕೂರುತ್ತದಲ್ಲ, ಅದು ಎಲ್ಲಿಂದ ಬಂತು? ಅದರಿಂದ ಮೊಟ್ಟೆಗೆ ಒಳ್ಳೆಯದೋ ಕೆಟ್ಟದ್ದೋ? ಕಾರಣ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.