‘ತಿಳಿಯಲಿಲ್ಲ’ ಎನ್ನಬಲ್ಲ ಮಗು

ಶರಣಧರ್ಮದಲ್ಲಿ ಅರಿವಿಗಿರುವ ಹಿರಿಮೆಯು ಸದ್ಭಕ್ತರಿಗೆ ತಿಳಿದುದೇ ಆಗಿದೆ. ಹೊರಗಣ ಗುರುವು ದೀಕ್ಷೆಯನ್ನಿತ್ತು ಒಳಗಣ ಅರಿವನ್ನು ಎಚ್ಚರಿಸುವನು. ಎಚ್ಚತ್ತ ಆ ಅರಿವೇ ಮುಂದೆ ಬಾಳಿಗೆ ದಾರಿ ತೋರುವುದು. ಆದುದರಿಂದಲೇ ವಚನಕಾರರು ಓದು ಬೇರೆ, ಅರಿವು ಬೇರೆ ಎಂಬ ವಿವೇಕವನ್ನು ಪದೇ ಪದೇ ಬೋಧಿಸಿದರು. ಶಾಸ್ತ್ರಗಳನ್ನು ಬಾಯಿಪಾಠ ಮಾಡಿಯೂ ಅದರ ಹುರುಳನ್ನು ತಿಳಿಯದವನನ್ನು ಅವರು ಬಲ್ಲವನೆಂದು ಒಪ್ಪಲಿಲ್ಲ. ಈ ತತ್ತ್ವವನ್ನು ನಾವು ಹಿರಿಯರ ಸಾಧನೆಗೆ ಅನ್ವಯಿಸಿ ಅಲ್ಲಿಗೇ ಬಿಡುವುದುಂಟು. ಪಾಟಿಚೀಲವನ್ನು ಹೆಗಲಿಗೇರಿಸಿ ಶಾಲೆಗೆ ಹೋಗುವ ಮಗುವಿಗೂ ಇದು ಅಷ್ಟೇ ಸಲ್ಲುವುದೆಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಮಗುವಿಗೆ ಮೊದಲು ಅಕ್ಷರ ತಿದ್ದಿಸುವ ದಿನ ಮನೆಮಂದಿಯೆಲ್ಲ ಕೂಡುವರು. ಹತ್ತನೆಯ ತರಗತಿಯ ಪರೀಕ್ಷೆ ಬಂದಾಗ ಮನೆಯಲ್ಲಿ ಮತ್ತೆ ಎಲ್ಲರಿಗೂ ಕಳವಳ. ಇವೆರಡರ ನಡುವಿನ ಮೂರು, ನಾಲ್ಕು, ಐದನೆಯ ತರಗತಿಗಳ ಕಾಲವು, ಎಂದರೆ ಎಂಟರಿಂದ ಹನ್ನೊಂದರ ವಯಸ್ಸು, ಯಾರ ಕಣ್ಣಿಗೂ ಬೀಳದೆ ಕಳೆದುಹೋಗುವುದು. ಅನೇಕ ಮನೆಗಳಲ್ಲಿ ಲಿಂಗದೀಕ್ಷೆಯ ಸಂಸ್ಕಾರವೂ ಸುಮಾರಾಗಿ ಇದೇ ವಯಸ್ಸಿನಲ್ಲಿ ನಡೆಯುವುದು. ಮಗುವು ಅರಿವಿಗೆ ಪಾತ್ರವಾಯಿತೆಂದು ಹಿರಿಯರು ಭಾವಿಸಿದ ಕಾಲವಿದು. ಅದನ್ನೇ ನಾವು ಅಲಕ್ಷಿಸುವುದು ಯುಕ್ತವೆ?

ಈ ವಯಸ್ಸಿನಲ್ಲಿ ಕಲಿಕೆಯ ಬಗೆಯೇ ಬದಲಾಗುವುದು. ಮೊದಲೆರಡು ವರ್ಷ ಮಗುವು ಅಕ್ಷರವನ್ನು ಕಲಿಯುವುದು; ಅನಂತರ ಅಕ್ಷರದ ಮೂಲಕ ಬೇರೆಲ್ಲವನ್ನೂ ಕಲಿಯಬೇಕಾಗುವುದು. ನಮ್ಮ ನಾಡಿನ ಸರಕಾರಿ ಶಾಲೆಗಳಲ್ಲಿ ಮೊದಲ ಮೂರು ತರಗತಿಗಳಿಗೆ ನಲಿ-ಕಲಿ ಪದ್ಧತಿ ರೂಢಿಯಲ್ಲಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಆರಂಭವಾದ ಈ ಪದ್ಧತಿಯಲ್ಲಿ ಮಕ್ಕಳು ಗುಂಪಾಗಿ ಕುಳಿತು, ಕಾರ್ಡುಗಳನ್ನು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಸಾಗುವರು. ನಾಲ್ಕನೆಯ ತರಗತಿಯಲ್ಲಿ ಪಠ್ಯಪುಸ್ತಕವೂ ಕರಿಹಲಗೆಯೂ ಮುಂದೆ ಬರುವುವು. ಎಲ್ಲರೂ ಒಂದೇ ದಿನ ಒಂದೇ ಪಾಠವನ್ನು ಮುಗಿಸಬೇಕಾಗುವುದು. ಒತ್ತಕ್ಷರಗಳನ್ನು ಇನ್ನೂ ತಡವರಿಸುತ್ತ ಓದುವ ಮಗುವಿಗೆ ಪರಿಸರ ಅಧ್ಯಯನವೂ ಕಠಿಣ, ಮಾತಿನ ರೂಪದ ಲೆಕ್ಕವೂ ಕಠಿಣ. ಅದಕ್ಕೆ ಬುದ್ಧಿ ಕಡಿಮೆಯೆಂದಲ್ಲ. ಓದುವ ಶ್ರಮದಲ್ಲೇ ಅದರ ಶಕ್ತಿಯೆಲ್ಲ ಸೋರಿಹೋಗಿ, ಅರ್ಥದ ಕಡೆಗೆ ಹರಿಯಲು ಏನೂ ಉಳಿದಿರುವುದಿಲ್ಲ.

ಒಂದು ಉದಾಹರಣೆಯನ್ನು ನೋಡೋಣ. 52ರಲ್ಲಿ 27ನ್ನು ಕಳೆಯೆಂದರೆ ಮಗುವು 35 ಎಂದು ಬರೆಯುವುದುಂಟು. ತಂದೆಯು ನೋಡಿ, “ಇಷ್ಟೂ ಬರುವುದಿಲ್ಲವೇನೋ?” ಎಂದು ಗದರುವನು. ಆ ತಪ್ಪಿನೊಳಗೂ ಒಂದು ವಿಚಾರವಿದೆ. ಚಿಕ್ಕದರಿಂದ ದೊಡ್ಡದನ್ನು ಕಳೆಯಲಾಗದೆಂದು ಮಗುವು ಕಲಿತಿದೆ. ಆದುದರಿಂದ 2ರಲ್ಲಿ 7ನ್ನು ಕಳೆಯುವುದಕ್ಕೆ ಬದಲಾಗಿ 7ರಲ್ಲಿ 2ನ್ನು ಕಳೆದು 5 ಬರೆಯಿತು. ಹತ್ತರ ಸ್ಥಾನದಿಂದ ಒಂದು ಹತ್ತನ್ನು ಬಿಡಿಸಿ ತರಬಹುದೆಂಬುದು ಅದಕ್ಕೆ ಮನದಟ್ಟಾಗಿಲ್ಲ. “ಹೇಗೆ ಮಾಡಿದೆಯಪ್ಪಾ, ಹೇಳು” ಎಂದು ಕೇಳಿದರೆ ಈ ಗಂಟು ತಾನಾಗಿ ಹೊರಬರುವುದು. ಹತ್ತು ಹತ್ತು ಕಡ್ಡಿಗಳ ಐದು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಮುಂದಿಟ್ಟು, ಒಂದು ಕಟ್ಟನ್ನು ಬಿಚ್ಚಿ ತೋರಿಸಿದರೆ ಉತ್ತರವು 25 ಎಂದು ಮಗುವೇ ಹೇಳುವುದು.

ಹಾಗೆಯೇ ಮೂರರಲ್ಲೊಂದು ಭಾಗ ಹೆಚ್ಚೋ ನಾಲ್ಕರಲ್ಲೊಂದು ಭಾಗ ಹೆಚ್ಚೋ ಎಂದರೆ, ನಾಲ್ಕು ದೊಡ್ಡದಾದ್ದರಿಂದ ನಾಲ್ಕರಲ್ಲೊಂದೇ ಹೆಚ್ಚೆನ್ನುವ ಮಕ್ಕಳು ಬಹಳ. ಸಮನಾದ ಎರಡು ರೊಟ್ಟಿಗಳಲ್ಲಿ ಒಂದನ್ನು ಮೂರು ಪಾಲು, ಇನ್ನೊಂದನ್ನು ನಾಲ್ಕು ಪಾಲು ಮಾಡಿ ತಟ್ಟೆಯಲ್ಲಿಟ್ಟರೆ ಹಸಿದ ಮಗುವು ತಪ್ಪದೆ ದೊಡ್ಡ ಪಾಲನ್ನೇ ಆರಿಸಿಕೊಳ್ಳುವುದು. ಅಕ್ಷರ ಬಾರದ ಅವ್ವನೂ ಈ ಪಾಠವನ್ನು ಕಲಿಸಬಲ್ಲಳು.

ತಿಳಿಯದಿರುವುದು ಕಲಿಕೆಯ ಒಂದು ಮೆಟ್ಟಿಲು. ಅದನ್ನು ಮುಚ್ಚಿಡುವುದು ರೋಗ. ಈ ರೋಗವು ಹತ್ತುವುದು ಭಯದಿಂದ. ಎಂಟು ಒಂಬತ್ತರ ವಯಸ್ಸಿಗೆ ಮಗುವು ತನ್ನನ್ನು ಇತರರೊಡನೆ ಹೋಲಿಸಿ ನೋಡಲು ತೊಡಗುವುದು. ಮನೆಯಲ್ಲೂ ನಾವು “ನಿನ್ನ ಅಕ್ಕನನ್ನು ನೋಡು, ಪಕ್ಕದ ಮನೆಯವನನ್ನು ನೋಡು” ಎನ್ನುತ್ತಿದ್ದರೆ, ತಾನು ದಡ್ಡನೆಂದು ಅದು ನಂಬಿಬಿಡುವುದು. ಆ ಮೇಲೆ ಕೇಳುವುದನ್ನು ನಿಲ್ಲಿಸುವುದು, ಜೊತೆಗಾರನ ಪುಸ್ತಕವನ್ನು ನೋಡಿ ಬರೆಯುವುದು, ಬರೆದುದನ್ನು ಬಚ್ಚಿಡುವುದು. ಶಾಲೆಯ ದಿನ ಬೆಳಗಾದರೆ ಹೊಟ್ಟೆನೋವೆನ್ನುವುದು, ರಜೆಯ ದಿನ ಆ ನೋವು ಇರದು. ಅದನ್ನು ಸೋಗೆಂದು ಜರೆಯಬಾರದು. ಮನಸ್ಸಿನ ಅಂಜಿಕೆಯು ಮೈಯಲ್ಲಿ ನಿಜವಾದ ನೋವಾಗಿಯೇ ತೋರುವುದುಂಟು. ನೋವು ಮರುಕಳಿಸಿದರೆ ವೈದ್ಯರಿಗೂ ತೋರಿಸಬೇಕು, ಶಾಲೆಯ ಗುರುಗಳೊಡನೆಯೂ ಮಾತನಾಡಬೇಕು.

ನಮ್ಮ ಪರಂಪರೆಯು ಪ್ರಶ್ನೆಗೆ ಎಂಥ ಗೌರವವನ್ನಿತ್ತಿತೆಂಬುದನ್ನು ಇಲ್ಲಿ ಸ್ಮರಿಸಬೇಕು. ಬಸವಣ್ಣನವರು ಎಂಟನೆಯ ವಯಸ್ಸಿನಲ್ಲಿ ಉಪನಯನದ ಸಂದರ್ಭದಲ್ಲಿ ಹಿರಿಯರನ್ನೇ ಪ್ರಶ್ನಿಸಿದರೆಂದು ಬಸವಪುರಾಣದ ಪರಂಪರೆಯು ಹೇಳುವುದು. ಇಂದಿನ ಲೆಕ್ಕದಲ್ಲಿ ಅದು ಮೂರನೆಯ ತರಗತಿಯ ಬಾಲಕನ ವಯಸ್ಸು. ಕಲ್ಯಾಣದ ಅನುಭವಮಂಟಪದಲ್ಲಿ ಮಡಿವಾಳ ಮಾಚಯ್ಯನವರು, ಅಂಬಿಗರ ಚೌಡಯ್ಯನವರು, ನುಲಿಯ ಚಂದಯ್ಯನವರು ಮೊದಲಾದ ನಾನಾ ಕಾಯಕದ ಶರಣರು ಕೂಡಿ ವಿಚಾರಿಸಿದರು. ಶೂನ್ಯಸಂಪಾದನೆಯ ನಡೆಯೇ ಪ್ರಶ್ನೋತ್ತರದ ನಡೆ. ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರನ್ನು ಕಠಿಣವಾಗಿ ಪ್ರಶ್ನಿಸಿದರು. ಅದು ಅವರೊಳಗಿನ ನಿಲವು ಹೊರಗೆ ಬೆಳಗಲೆಂದು.

ತಪ್ಪನ್ನು ತಿದ್ದುವ ರೀತಿಗೆ ಆಯ್ದಕ್ಕಿ ದಂಪತಿಗಳ ಪ್ರಸಂಗವೇ ಪಾಠ. ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ತಾಯಿ ಲಕ್ಕಮ್ಮನವರು ಹೆಚ್ಚಿನದನ್ನು ತಂದ ಎಡೆಯಲ್ಲೇ ಸುರಿದು ಬರಲು ಹೇಳಿದರು. ತಿದ್ದಬೇಕಾದುದನ್ನು ಸ್ಪಷ್ಟವಾಗಿ ತೋರಿಸಿದರು; ಪತಿಯ ಕಾಯಕದ ಮೇಲಿನ ಗೌರವವನ್ನು ಕುಂದಿಸಲಿಲ್ಲ. ಮಗುವಿನ ಪುಸ್ತಕವನ್ನು ತಿದ್ದುವಾಗ ನಮಗೂ ಈ ಹದ ಬೇಕು. ಬೆತ್ತದಿಂದ ವಿದ್ಯೆ ಬರುವುದೆಂಬ ಹಳೆಯ ನಂಬಿಕೆ ಇನ್ನೂ ಕೆಲವರಲ್ಲಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ತನ್ನ 17ನೆಯ ಕಲಮಿನಲ್ಲಿ ಶಾಲಾಮಕ್ಕಳ ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ದಯೆಯನ್ನೇ ಧರ್ಮದ ಬೇರೆಂದು ತಿಳಿದ ನಮಗೆ ಕಾಯಿದೆ ಹೇಳುವವರೆಗೆ ಕಾಯಬೇಕಾಗಿರಲಿಲ್ಲ.

ಇನ್ನು ಮೈಯ ಮಾತು. ಕಾಯವನ್ನು ಹಳಿಯದೆ ಅದನ್ನೇ ಸಾಧನೆಯ ನೆಲೆಯೆಂದು ಕಂಡವರು ಶರಣರು. ಹಸಿದ ಮಗುವಿಗೆ ಅಕ್ಷರ ಹತ್ತದು. 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಮಧ್ಯಾಹ್ನದ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟುದು ಸಾರ್ಥಕವಾಗಿದೆ. 2013ರಲ್ಲಿ ಹಾಲಿನ ಯೋಜನೆಯೂ ಬಂದಿತು. ಆದರೂ ಬೆಳಗ್ಗೆ ಬರಿಹೊಟ್ಟೆಯಲ್ಲಿ ಕಳುಹಿಸಿದರೆ ಮಧ್ಯಾಹ್ನದವರೆಗಿನ ಪಾಠವು ವ್ಯರ್ಥ. ಈ ವಯಸ್ಸಿನವರಿಗೆ ರಾತ್ರಿ 9 ಗಂಟೆಗಳಿಗೆ ಕಡಿಮೆಯಿಲ್ಲದ ನಿದ್ರೆಯೂ, ದಿನಕ್ಕೆ ಒಂದು ಗಂಟೆಯಾದರೂ ಮೈದಣಿಯುವ ಆಟವೂ ಬೇಕೆಂದು ವೈದ್ಯಶಾಸ್ತ್ರ ಹೇಳುವುದು. ಮೊಬೈಲು ಮೊದಲು ಕದಿಯುವುದು ಇವೆರಡನ್ನೇ. ಕರಿಹಲಗೆಯ ಬರೆಹ ಕಾಣದ ಮಗು, ಸರಿಯಾಗಿ ಕೇಳಿಸದ ಮಗು, ರಕ್ತಹೀನತೆಯಿಂದ ಬಳಲುವ ಮಗು ಸೋಮಾರಿಯೆಂಬ ಹೆಸರನ್ನು ಹೊರುವುದುಂಟು. ಬೈಯುವ ಮೊದಲು ಕಣ್ಣು ಕಿವಿಗಳನ್ನು ಪರೀಕ್ಷಿಸಿ ನೋಡತಕ್ಕದ್ದು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ನಾಲ್ಕನೆಯ ತರಗತಿಗೆ ಬಂದೊಡನೆ ತಮ್ಮನನ್ನು ಎತ್ತಿಕೊಳ್ಳುವ, ನೀರು ತರುವ, ಪಾತ್ರೆ ಬೆಳಗುವ ಹೊರೆ ಅವಳ ಮೇಲೆ ಬೀಳುವುದು. ಮನೆಗೆಲಸವೂ ಕಾಯಕವೇ, ಅದನ್ನು ಅಣ್ಣತಮ್ಮಂದಿರೂ ಹಂಚಿಕೊಳ್ಳಲಿ. ಅವಳ ಓದಿನ ವೇಳೆಯನ್ನು ಕಸಿದು ನಡೆಸುವ ಕೆಲಸಕ್ಕೆ ಕಾಯಕವೆಂಬ ಹೆಸರು ಸಲ್ಲದು.

ನಿತ್ಯವೂ ಸಾಯಂಕಾಲ ಲಿಂಗಪೂಜೆಯ ಅನಂತರ ಅರ್ಧ ಗಂಟೆಯನ್ನು ಮಗುವಿಗೆಂದು ಮೀಸಲಿಡಿರಿ. ಅದು ಒಂದು ಪುಟವನ್ನು ಗಟ್ಟಿಯಾಗಿ ಓದಲಿ. ಓದಿದುದನ್ನು ತನ್ನ ಮಾತಿನಲ್ಲಿ ಹೇಳಲಿ. ಬಳಿಕ “ಇಂದು ಯಾವುದು ತಿಳಿಯಲಿಲ್ಲ?” ಎಂದು ಕೇಳಿರಿ. ಮಗುವು ಅಂಜದೆ ಹೇಳಿದರೆ, “ಹೇಳಿದ್ದು ಒಳ್ಳೆಯದಾಯಿತು” ಎನ್ನಿರಿ. ಉತ್ತರ ನಿಮಗೂ ತಿಳಿಯದಿದ್ದರೆ, “ನನಗೂ ತಿಳಿಯದು, ನಾಳೆ ನಿನ್ನ ಗುರುಗಳನ್ನು ಕೇಳೋಣ” ಎನ್ನಲು ಸಂಕೋಚಪಡಬೇಡಿರಿ. ತಂದೆಯ ಬಾಯಿಂದ ಈ ಮಾತನ್ನು ಕೇಳಿದ ಮಗುವಿಗೆ ಅಜ್ಞಾನದ ಅಂಜಿಕೆ ಕಳೆದು ಜಿಜ್ಞಾಸೆ ಹುಟ್ಟುವುದು. ತಿಳಿದ ಅಕ್ಕನು ತಿಳಿಯದ ತಂಗಿಗೆ ಹೇಳಿಕೊಡಲಿ. ವಿದ್ಯೆಯಲ್ಲಿಯೂ ದಾಸೋಹವುಂಟು, ಅದು ಹಂಚಿದಷ್ಟೂ ಬೆಳೆಯುವುದು.

ಅಂಕಪಟ್ಟಿಯು ವರ್ಷಕ್ಕೊಮ್ಮೆ ಮನೆಗೆ ಬರುವುದು. ಮಗುವಿನ ಮುಖವು ದಿನವೂ ಕಣ್ಣೆದುರಿಗಿರುವುದು. ಅದನ್ನು ಓದಬಲ್ಲ ತಾಯ್ತಂದೆಗಳ ಮನೆಯಲ್ಲಿ ಅರಿವು ತಾನಾಗಿ ಬೆಳಗುವುದು. ಶರಣರ ಕೃಪೆಯು ನಮ್ಮೆಲ್ಲರ ಮಕ್ಕಳ ಮೇಲಿರಲಿ.