ಎಪ್ಪತ್ತೇಳು ಮಲೆಯ ಪಕ್ಕದ ಕಪಾಟು

ಕೊಳ್ಳೇಗಾಲದಲ್ಲಿ ಕೂತು ಫ್ಯಾಂಟಸಿ ಪುಸ್ತಕ ಕೂಡಿಹಾಕುವವರಿಗೆ ದೊಡ್ಡ ಊರಿನವರಿಗಿಲ್ಲದ ಒಂದು ಅನುಕೂಲವಿದೆ. ಪುಸ್ತಕ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ನಿಜ. ಟೋಲ್ಕಿನ್ ಬೇಕೆಂದರೆ ಮೈಸೂರಿನ ಬಸ್ಸು ಹತ್ತಬೇಕು, ಇಲ್ಲವೇ ಆನ್‌ಲೈನಿನಲ್ಲಿ ತರಿಸಿ ಕಾಯಬೇಕು. ಆದರೆ ಹನೂರಿನ ಬಸ್ಸು ಹತ್ತಿದರೆ ಮುಂದೆ ಮಲೆ ಮಹದೇಶ್ವರ ಬೆಟ್ಟ. ಹುಲಿ ಏರಿದ ಮಾದಪ್ಪನ ಕಥೆಯನ್ನು ಕಂಸಾಳೆಯವರು ಇವತ್ತಿಗೂ ಹಾಡುವ ಸೀಮೆ ಅದು. ಚಿಕ್ಕಲ್ಲೂರಿಗೆ ಹೋದರೆ ಸಿದ್ದಪ್ಪಾಜಿಯ ಗದ್ದುಗೆ. ಅಲ್ಲಿ ಜಾತ್ರೆಯ ಹುಣ್ಣಿಮೆ ರಾತ್ರಿ ಹೊತ್ತಿಸುವ ಚಂದ್ರಮಂಡಲ ಯಾವ ದಿಕ್ಕಿಗೆ ಚೆನ್ನಾಗಿ ಉರಿಯುತ್ತದೋ ಆ ದಿಕ್ಕಿನ ಸೀಮೆಗೆ ಆ ವರ್ಷ ಮಳೆಬೆಳೆ ಎಂದು ರೈತರು ನೋಡುತ್ತಾರೆ. ಯಳಂದೂರು ದಾಟಿ ಮೇಲೆ ಹೋದರೆ ಬಿಳಿಗಿರಿರಂಗ, ಅವನು ಮೆಚ್ಚಿ ಮದುವೆಯಾದ ಸೋಲಿಗರ ಹುಡುಗಿ ಕುಸುಮಾಲೆ. ಕಾಲ್ಪನಿಕ ಲೋಕದ ನಕಾಶೆಗಾಗಿ ಪುಸ್ತಕದ ಮೊದಲ ಪುಟ ತಿರುವಬೇಕಾದ ಅಗತ್ಯವೇ ಇಲ್ಲದ ಸೀಮೆ ಇದು.

ನನ್ನ ಕಪಾಟನ್ನು ಹೇಗೆ ಜೋಡಿಸಬೇಕೆಂದು ಕಲಿಸಿದ್ದು ಈ ಸೀಮೆಯೇ. ಅದರಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್’ ಪಕ್ಕದಲ್ಲಿ ಮಲೆ ಮಾದೇಶ್ವರ ಕಾವ್ಯವಿದೆ, ಎರಡರ ನಡುವೆ ಫಿನ್ಲೆಂಡಿನ ‘ಕಾಲೇವಾಲ’. ಕಾರಣ ಸರಳ. ಎಲಿಯಾಸ್ ಲೋನ್ರೋಟ್ ಎಂಬ ವೈದ್ಯ ಹಳ್ಳಿಹಳ್ಳಿ ಅಲೆದು ಹಾಡುಗಾರರ ಬಾಯಿಂದ ಬರೆದುಕೊಂಡದ್ದನ್ನು ಜೋಡಿಸಿ 1835ರಲ್ಲಿ ‘ಕಾಲೇವಾಲ’ ಪ್ರಕಟಿಸಿದ. ಅದನ್ನು ಓದಿ ಮರುಳಾದ ಟೋಲ್ಕಿನ್ ಫಿನ್ನಿಶ್ ಭಾಷೆಯ ಬೆನ್ನುಬಿದ್ದರು. ಅದರಲ್ಲಿನ ಕುಲ್ಲೆರ್ವೊ ಎಂಬ ನತದೃಷ್ಟನ ಕಥೆಯಿಂದಲೇ ತಮ್ಮ ಟೂರಿನ್ ಎಂಬ ಪಾತ್ರವನ್ನು ಕಟ್ಟಿದರು. ಅಂದರೆ ಇವತ್ತು ಜಗತ್ತು ಫ್ಯಾಂಟಸಿ ಎಂದು ಓದುವ ಸಾಹಿತ್ಯದ ಒಂದು ಬೇರು ಹಳ್ಳಿಯ ಹಾಡುಗಾರನ ಗಂಟಲಲ್ಲಿತ್ತು. ಅಂಥ ಗಂಟಲು ನಮ್ಮಲ್ಲೂ ಇದೆ.

ಮಾದಪ್ಪನ ಕಾವ್ಯದ ಭಾಗಗಳಿಗೆ ಹಾಡುವವರು ‘ಸಾಲು’ ಎನ್ನುತ್ತಾರೆ. ಶ್ರವಣನ ಸಾಲು, ಸಂಕಮ್ಮನ ಸಾಲು, ಜುಂಜೇಗೌಡನ ಸಾಲು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು ಹೊರತಂದಿತು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ಟರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ಪಾಠ ಬೇರೆಯೇ ಇದೆ. ಜನಪದ ಮಹಾಕಾವ್ಯ ಕೊಳ್ಳುವಾಗ ಹಾಡಿದವರು ಯಾರು, ಬರೆದುಕೊಂಡವರು ಯಾರು ಎಂದು ಮೊದಲು ನೋಡುವುದು ನನ್ನ ರೂಢಿ. ಹಾಡುಗಾರ ಬದಲಾದರೆ ಕಥೆಯ ತೂಕವೂ ಬದಲಾಗುತ್ತದೆ. ಆದ್ದರಿಂದ ಎರಡು ಪಾಠ ಕೊಂಡರೆ ದುಡ್ಡು ದಂಡವಾಗುವುದಿಲ್ಲ.

ಓದುವ ಮೊದಲು ಕೇಳಬೇಕು, ಇದು ಇನ್ನೊಂದು ಪಾಠ. ಕಂಸಾಳೆಯವರ ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಮುಖ್ಯ ಹಾಡುಗಾರ ಸಾಲು ಎತ್ತಿಕೊಡುತ್ತಾನೆ, ಹಿಂದಿನವರು ಸೊಲ್ಲು ಹಿಡಿಯುತ್ತಾರೆ. ಪುಟದ ಮೇಲೆ ಒಂದೇ ಮಾತು ಮತ್ತೆಮತ್ತೆ ಬಂದಾಗ ಓದುಗನಿಗೆ ಬೇಸರವಾಗಬಹುದು. ತಾಳದ ಜೊತೆ ಒಮ್ಮೆ ಕೇಳಿದವನಿಗೆ ಆ ಮರುಕಳಿಕೆಯಲ್ಲೇ ಉಸಿರು ಸಿಗುತ್ತದೆ. ಆಮೇಲೆ ಪುಸ್ತಕವೂ ಕಿವಿಗೇ ಕೇಳಿಸುತ್ತದೆ.

ಈ ಕಾವ್ಯಗಳು ನನಗೆ ತೋರಿಸಿಕೊಟ್ಟ ದೊಡ್ಡ ಸಂಗತಿ ಎಂದರೆ, ಇಲ್ಲಿನ ಮಾಯೆ ಇರುವುದು ಕಸುಬಿನಲ್ಲಿ. ಶ್ರವಣ ದೇವತೆಗಳನ್ನೇ ಊಳಿಗಕ್ಕೆ ಇಟ್ಟುಕೊಂಡ ದೊರೆ. ಅವನನ್ನು ಮಾದಪ್ಪ ಮುಗಿಸುವುದು ಕತ್ತಿಯಿಂದಲ್ಲ, ಪಾದರಕ್ಷೆ ತೊಡಿಸುವ ಉಪಾಯದಿಂದ. ಅದಕ್ಕೂ ಮೊದಲು ಸುತ್ತೂರು ಮಠದಲ್ಲಿ ಮಾದಪ್ಪ ರಾಗಿ ಬೀಸುತ್ತಾನೆ. ಇದೇ ಸೀಮೆಯ ಇನ್ನೊಂದು ಕಾವ್ಯವಾದ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಆಗುವವನು ಕಬ್ಬಿಣದ ಕೆಲಸದವರ ಮನೆಯ ಕೆಂಪಾಚಾರಿ. ಹಲಗೂರಿನ ಪಾಂಚಾಳರ ಹತ್ತಿರ ಅವನು ಭಿಕ್ಷೆ ಕೇಳುವುದು ಚಿನ್ನವನ್ನಲ್ಲ, ಕಬ್ಬಿಣವನ್ನು. ಬಿಳಿಗಿರಿರಂಗನಿಗೆ ಬೂದಿಪಡಗ ಊರಿನವರು ದೊಡ್ಡ ಚರ್ಮದ ಪಾದರಕ್ಷೆ ಮಾಡಿ ಒಪ್ಪಿಸುತ್ತಾರೆ. ಕಾಡಿನಲ್ಲಿ ತಿರುಗಿ ತಿರುಗಿ ಅವನ ಜೋಡು ಸವೆಯುತ್ತವೆ ಎಂಬುದು ನಂಬಿಕೆ. ದೇವರ ಕಾಲಿಗೂ ಜೋಡು ಹೊಲಿಯುವವರ ಕೈಯೇ ಬೇಕು! ಲೋಕದ ಹಂಗಿಲ್ಲದ ಮಾಂತ್ರಿಕರ ಕಥೆಗಳಿಗಿಂತ ಇದು ಆಳವಾದ ಕಲ್ಪನೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಈ ಕಣ್ಣು ಬಂದ ಮೇಲೆ ಹೊರಗಿನ ಪುಸ್ತಕಗಳೂ ಬೇರೆಯಾಗಿ ಕಾಣುತ್ತವೆ. ‘ಕಾಲೇವಾಲ’ದಲ್ಲಿ ಇಲ್ಮರಿನೆನ್ ಎಂಬ ಕಮ್ಮಾರ ಸಾಂಪೊ ಎಂಬ ಮಾಯದ ಬೀಸುಕಲ್ಲನ್ನು ಕುಲುಮೆಯಲ್ಲಿ ಮಾಡುತ್ತಾನೆ; ಹಿಟ್ಟು, ಉಪ್ಪು, ಹಣ ಅದರಿಂದ ಸುರಿಯುತ್ತವೆ. ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ (1968) ನನಗೆ ಅತಿ ಪ್ರಿಯವಾದ ಫ್ಯಾಂಟಸಿ. ಅದರ ನಾಯಕ ಗೆಡ್ ಕಂಚು ಕೆಲಸದವನ ಮಗ, ಆಡು ಕಾಯ್ದು ಬೆಳೆದವನು. ಹಲಗೂರಿನ ಕಥೆ ಕೇಳಿದವರಿಗೆ ಇವನು ಅಪರಿಚಿತನಲ್ಲ.

ಲೆ ಗ್ವಿನ್ ಇಪ್ಪತ್ತೆರಡು ವರ್ಷಗಳ ನಂತರ, 1990ರಲ್ಲಿ, ಅರ್ಥ್‌ಸೀಯ ದ್ವೀಪಗಳಿಗೆ ಮರಳಿ ಸರಣಿಯ ನಾಲ್ಕನೆಯ ಪುಸ್ತಕ ‘ತೆಹಾನು’ ಬರೆದರು. ಅದರಲ್ಲಿ ಗೆಡ್ ಶಕ್ತಿ ಕಳೆದುಕೊಂಡಿದ್ದಾನೆ. ಕಥೆಯ ನಡುಮನೆಯಲ್ಲಿರುವವಳು ತೆನಾರ್, ಒಕ್ಕಲು ಮನೆಯ ವಿಧವೆ. ಬೆಂಕಿಯಲ್ಲಿ ಸುಟ್ಟ ಒಂದು ಹೆಣ್ಣುಮಗುವನ್ನು ಸಾಕುತ್ತಾಳೆ. ಸಂಕಮ್ಮನ ಸಾಲನ್ನು ಇದರ ಜೊತೆಗೇ ಓದಬೇಕು. ಕಾಡಿಗೆ ಹೊರಟ ಗಂಡ ನೀಲೇಗೌಡ ಅವಳ ಶೀಲಕ್ಕೆ ಭಾಷೆ ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವಳನ್ನು ಹಿಂಸಿಸಿ, ಗುಡಿಸಲಲ್ಲಿ ಒಂಟಿಯಾಗಿ ಬಿಟ್ಟು ಹೋಗುತ್ತಾನೆ. ಮಾದಪ್ಪ ಬಂದು ಬಿಡಿಸುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಹುಟ್ಟುವ ಅವಳಿಗಳೇ ಕಾರಯ್ಯ, ಬಿಲ್ಲಯ್ಯ. ದೇವರು ಬರುವ ಮೊದಲೇ ಸಂಕಮ್ಮ ಗೆದ್ದಿರುತ್ತಾಳೆ, ಆ ಭಾಷೆ ಕೊಡದೆ ನಿಂತ ಗಳಿಗೆಯಲ್ಲಿ. ಲೆ ಗ್ವಿನ್‌ಗೆ ನಾಲ್ಕನೆಯ ಪುಸ್ತಕದಲ್ಲಿ ಎದುರಾದ ಪ್ರಶ್ನೆಯನ್ನು ನಮ್ಮ ಕಂಸಾಳೆಯವರು ಊರೂರಿನ ಜಗಲಿಯ ಮೇಲೆ ಹಾಡುತ್ತ ಬಂದಿದ್ದಾರೆ.

ಕಪಾಟಿನ ಕೆಳಗಿನ ಅಂಕಣ ಚಂದಮಾಮದ್ದು. 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ಈ ಮಾಸಿಕ ಆಮೇಲೆ ಕನ್ನಡಕ್ಕೂ ಬಂತು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರ ಬರೆದವರು ಶಂಕರ್, ಅಂದರೆ ಕೆ.ಸಿ. ಶಿವಶಂಕರನ್ (1924–2020). ಬೇತಾಳದ ಕಥೆಗಳ ಮೂಲ ಸೋಮದೇವನ ‘ಕಥಾಸರಿತ್ಸಾಗರ’. ಅದೇ ಕಡಲಿನಿಂದ ಗಿರೀಶ ಕಾರ್ನಾಡರು ‘ಹಯವದನ’ (1971) ಎತ್ತಿಕೊಂಡರು. ಆದ್ದರಿಂದ ಚಂದಮಾಮವನ್ನು ಮಕ್ಕಳ ಪುಸ್ತಕ ಎಂದು ಅಟ್ಟಕ್ಕೆ ಹಾಕುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಹಳೆಯ ಸಂಚಿಕೆಗಳನ್ನು ವರ್ಷಕ್ಕೊಂದರಂತೆ ರಟ್ಟು ಹಾಕಿಸಿ ಇಡುವುದು ಒಳ್ಳೆಯದು. ಬೆನ್ನನ್ನು ನೂಲಿನಲ್ಲಿ ಹೊಲಿಸಬೇಕು. ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ಹಳೇ ಬೈಂಡರುಗಳು ಮೈದಾ ಅಂಟಿಗೆ ಚೂರು ಮೈಲುತುತ್ತ ಸೇರಿಸುತ್ತಿದ್ದರು, ಹುಳ ಬೀಳದಿರಲಿ ಎಂದು. ಹರಿದ ಪುಟಕ್ಕೆ ಸೆಲ್ಲೋಟೇಪ್ ಬೇಡವೇ ಬೇಡ, ಹಳದಿಯಾಗಿ ಅಕ್ಷರವನ್ನೂ ಕಿತ್ತುಕೊಳ್ಳುತ್ತದೆ. ಕಪಾಟು ಗೋಡೆಗೆ ತಾಗದಂತಿದ್ದರೆ ಗೆದ್ದಲು ಹತ್ತಿದ್ದು ಬೇಗ ಕಣ್ಣಿಗೆ ಬೀಳುತ್ತದೆ. ಕೊಳ್ಳುವ ವಿಷಯಕ್ಕೆ ಬಂದರೆ, ರಾಜ್ಯೋತ್ಸವದ ನವೆಂಬರಿನಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪುಸ್ತಕಗಳನ್ನು ಅರ್ಧ ಬೆಲೆಗೆ ಮಾರುತ್ತದೆ.

ಪುಸ್ತಕ ಉಳಿಸುವ ಮಾತು ಯಳಂದೂರಿನವರಿಗೆ ಬೇರೆಯೇ ತಟ್ಟಬೇಕು. 1655ರಲ್ಲಿ ‘ರಾಜಶೇಖರ ವಿಳಾಸ’ ಬರೆದ ಷಡಕ್ಷರದೇವ ಈ ಊರಿನ ಮಠದವನು. ಗಂಡಸರ ಕಣ್ಣಿಗೆ ಕಾಣದ ಎಷ್ಟೋ ಸಂಗತಿ ಬರೆದಿಟ್ಟ ಸಂಚಿ ಹೊನ್ನಮ್ಮ ಈ ಊರಿನವಳು. ಓಲೆಗರಿಯ ಕಾಲದ ಆ ಕೃತಿಗಳು ಉಳಿದವು. ಅಚ್ಚಿನ ಕಾಲದವನಾದ, ಇದೇ ತಾಲ್ಲೂಕಿನ ಅಗರದಲ್ಲಿ 1898ರಲ್ಲಿ ಹುಟ್ಟಿದ ನಾಟಕಕಾರ ಸಂಸರು ಇಪ್ಪತ್ಮೂರು ನಾಟಕ ಬರೆದರೆಂದು ಹೇಳುತ್ತಾರೆ; ನಮಗೆ ಸಿಕ್ಕಿದ್ದು ಆರು. ‘ವಿಗಡ ವಿಕ್ರಮರಾಯ’ ಓದಿದವರಿಗೆ ಉಳಿದ ಹದಿನೇಳರ ನಷ್ಟ ಎಂಥದ್ದೆಂದು ಗೊತ್ತಾಗುತ್ತದೆ. ನನ್ನ ಪುಸ್ತಕ ಕೇಳಿದವರಿಗೆ ಕೊಡುತ್ತೇನೆ, ಆದರೆ ನೋಟುಬುಕ್ಕಿನಲ್ಲಿ ಹೆಸರು, ತಾರೀಖು ಬರೆಸಿಕೊಂಡೇ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ, ಬಸ್ ಕಂಡಕ್ಟರ್ ಆಗಿದ್ದ ಅಂಕೇಗೌಡರು ಲಕ್ಷಾಂತರ ಪುಸ್ತಕಗಳ ‘ಪುಸ್ತಕ ಮನೆ’ ಕಟ್ಟಿ ಎಲ್ಲರಿಗೂ ಬಾಗಿಲು ತೆರೆದಿಟ್ಟಿದ್ದಾರೆ. ಅದರ ಮುಂದೆ ಒಂದು ಕಪಾಟಿನ ಜಿಪುಣತನಕ್ಕೆ ಅರ್ಥವಿಲ್ಲ.

ಹೊಸದಾಗಿ ಕನ್ನಡದಲ್ಲಿ ಫ್ಯಾಂಟಸಿ ಓದಬೇಕೆನ್ನುವ ಕಾಲೇಜು ಹುಡುಗರಿಗೆ ನಾನು ಮೊದಲು ಕೊಡುವುದು ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’. ಅದು ದೊಡ್ಡ ಗಾತ್ರದ್ದು, ಆದರೆ ಹಿಡಿದರೆ ಬಿಡುವುದಿಲ್ಲ. ವೈದ್ಯವಿದ್ಯೆ ಅಧಿಕಾರದ ದಾಹಕ್ಕೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಅದು ಜನಪದದ ಮಾತಿನಲ್ಲೇ ಹೇಳುತ್ತದೆ. ಅದರ ಹಿಂದೆಯೇ ಮಾದಪ್ಪನ ಸಾಲುಗಳು. ಈಗ ನಾನು ಓದುತ್ತಿರುವುದು ಟಿಬೆಟ್ಟಿನ ಗೇಸರ್ ರಾಜನ ಕಥೆ, ಅಲೆಕ್ಸಾಂಡ್ರಾ ಡೇವಿಡ್-ನೀಲ್ ಬರೆದುಕೊಂಡದ್ದು. ಕುದುರೆ ಪಂದ್ಯ ಗೆದ್ದು ದೊರೆಯಾಗುವ ಈ ಗೇಸರನನ್ನೂ ಹಾಡುಗಾರರೇ ತಲೆಮಾರುಗಳಿಂದ ಉಳಿಸಿದ್ದು. ಟಿಬೆಟನ್ನರು ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಮುಸುಕಿನಜೋಳ ಬೆಳೆದುಕೊಂಡು ನೆಲೆಸಿದ್ದಾರೆ, ಅಲ್ಲಿ ಅವರ ಝೋಗ್‌ಚೆನ್ ಮಠವೂ ಇದೆ. ಮಾದಪ್ಪನ ಬೆಟ್ಟಕ್ಕೂ ಆ ಪಾಳ್ಯಕ್ಕೂ ಒಂದೇ ತಾಲ್ಲೂಕು, ಹಾಗಾಗಿ ಗೇಸರನಿಗೂ ಮೇಲಿನ ಅಂಕಣದಲ್ಲೇ ಜಾಗ ಮಾಡಿದ್ದೇನೆ.