ಹೆಸರು ಅಳಿಸಿದರೆ ಗುಟ್ಟು ಉಳಿಯುತ್ತದೆಯೇ?

(ಹೈಸ್ಕೂಲ್ ತರಗತಿಗಳಿಗೆ ಒಂದು ಪಾಠ, ಒಂದು ಚಟುವಟಿಕೆ)

2020ರ ಏಪ್ರಿಲ್ ತಿಂಗಳು ನಿಮಗೆ ನೆನಪಿರಬಹುದು. ಕೊರೋನಾ ಕಾಲ. ಮನೆಯಲ್ಲೇ ಕ್ವಾರಂಟೈನಿನಲ್ಲಿದ್ದವರ ವಿವರಗಳನ್ನು ಕೇರಳ ಸರಕಾರ ಕಲೆಹಾಕುತ್ತಿತ್ತು. ಅವನ್ನು ವಿಂಗಡಿಸಲು ಸ್ಪ್ರಿಂಕ್ಲರ್ ಎಂಬ ಅಮೆರಿಕದ ಕಂಪೆನಿಯ ಸಾಫ್ಟ್‌ವೇರ್ ಬಳಸಿದ್ದು ವಿವಾದವಾಗಿ, ವಿಷಯ ಹೈಕೋರ್ಟಿಗೆ ಹೋಯಿತು. ಏಪ್ರಿಲ್ 24ರ ಮಧ್ಯಂತರ ಆದೇಶದಲ್ಲಿ ಕೇರಳ ಹೈಕೋರ್ಟ್ ಎರಡು ಮುಖ್ಯ ಮಾತು ಹೇಳಿತು. ಒಂದು, ಯಾರದೆಂದು ಗುರುತು ಸಿಗದಂತೆ ಮಾಡಿದ ಮೇಲಷ್ಟೇ ಮಾಹಿತಿ ಕಂಪೆನಿಗೆ ಸಿಗಬೇಕು. ಎರಡು, ಹೊರಗಿನವರೂ ಇದನ್ನು ನೋಡಬಹುದೆಂದು ಜನರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು.

ಗುರುತು ಸಿಗದಂತೆ ಮಾಡುವುದು ಹೇಗೆ? "ಹೆಸರು ಅಳಿಸಿದ್ರೆ ಸಾಕಲ್ಲ ಸಾರ್" ಅಂತ ಮಕ್ಕಳು ಹೇಳುತ್ತಾರೆ. ಸಾಕೇ? ಲೆಕ್ಕ ಹಾಕಿ ನೋಡೋಣ.

ಲೆಕ್ಕ

ಒಂದು ಪಿನ್‌ಕೋಡಿನಲ್ಲಿ 20,000 ಜನ ಇದ್ದಾರೆ ಎಂದುಕೊಳ್ಳಿ. ವರ್ಷಕ್ಕೆ 365 ಹುಟ್ಟಿದ ದಿನಗಳು, ಸುಮಾರು 80 ಹುಟ್ಟಿದ ವರ್ಷಗಳು, ಗಂಡು-ಹೆಣ್ಣು ಎರಡು ವಿಭಾಗ. 365 × 80 × 2 = 58,400 ಪೆಟ್ಟಿಗೆಗಳು. ಜನ ಬರೀ 20,000! ಹಾಗಾಗಿ ಹೆಚ್ಚಿನವರು ತಮ್ಮ ಪೆಟ್ಟಿಗೆಯಲ್ಲಿ ಒಬ್ಬೊಬ್ಬರೇ ಇರುತ್ತಾರೆ. ಹೆಸರಿಲ್ಲದಿದ್ದರೂ ಸಿಕ್ಕಿಬೀಳುತ್ತಾರೆ.

ಈಗ ಹುಟ್ಟಿದ ತಾರೀಖು ಬಿಟ್ಟು ವರ್ಷ ಮಾತ್ರ ಬರೆಯಿರಿ. 80 × 2 = 160 ಪೆಟ್ಟಿಗೆ. ಸರಾಸರಿ 125 ಜನ ಒಂದೊಂದರಲ್ಲಿ. ಗುಂಪಿನಲ್ಲಿ ಮುಖ ಮರೆಯಾಯಿತು.

ನಿಜವಾಗಿ ನಡೆದದ್ದು

1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸರಕಾರಿ ಸಂಸ್ಥೆಯೊಂದು ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿತು. ಹುಟ್ಟಿದ ತಾರೀಖು, ಲಿಂಗ, ಪಿನ್‌ಕೋಡ್ ಹಾಗೇ ಇದ್ದವು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಕೊಂಡು ಎರಡನ್ನೂ ತಾಳೆ ಹಾಕಿದರು. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯೇ ಸಿಕ್ಕಿತು!

ಚಟುವಟಿಕೆ

1. ಕಾಲ್ಪನಿಕ ಊರೊಂದರ 40 ಜನರ ಚೀಟಿಗಳನ್ನು ಮಕ್ಕಳಿಂದ ಬರೆಸಿ: ಹುಟ್ಟಿದ ತಾರೀಖು (1980–1983), ಗಂಡು/ಹೆಣ್ಣು, ವಾರ್ಡು, ಕಾಯಿಲೆ. ಹೆಸರು ಬೇಡ. ಮಕ್ಕಳ ನಿಜವಾದ ಮಾಹಿತಿ ಖಂಡಿತ ಬೇಡ.
2. ಅದೇ 40 ಜನರ "ಮತದಾರರ ಪಟ್ಟಿ" ಮಾಡಿ. ಇದರಲ್ಲಿ ಹೆಸರಿದೆ, ಕಾಯಿಲೆ ಇಲ್ಲ.
3. ಎರಡನ್ನೂ ತಾಳೆ ಹಾಕಲಿ. ಎಷ್ಟು ಜನ ಸಿಕ್ಕಿದರು?
4. ಚೀಟಿಗಳಲ್ಲಿ ಹುಟ್ಟಿದ ವರ್ಷ ಮಾತ್ರ ಉಳಿಸಿ, ವಾರ್ಡು ಅಳಿಸಿ. ಈಗ 8 ಗುಂಪು, ಸರಾಸರಿ 5 ಜನ. ಮತ್ತೆ ಹುಡುಕಲಿ.

ಚರ್ಚೆಗೆ: ಒಂದು ಗುಂಪಿನ ಐದೂ ಜನರಿಗೆ ಕ್ಷಯರೋಗ ಇದ್ದರೆ ಗುಟ್ಟು ಉಳಿಯಿತೇ? ವಿವರ ಅಳಿಸುತ್ತಾ ಹೋದರೆ ರೋಗ ಯಾವ ವಾರ್ಡಿನಲ್ಲಿ ಹರಡುತ್ತಿದೆ ಅಂತ ಆರೋಗ್ಯ ಇಲಾಖೆಗೆ ತಿಳಿಯುವುದು ಹೇಗೆ?

ಎರಡನೆಯ ಪ್ರಶ್ನೆ ಮುಖ್ಯ. ಇಲಾಖೆಗೆ ಮಾಹಿತಿ ಬೇಕೇ ಬೇಕು. ದಡಾರ ಬಂದ ಮನೆ ಗೊತ್ತಾಗದೆ ಲಸಿಕೆ ಹಾಕಲಾಗದು. ಆದರೆ ಆ ಮನೆಯ ವಿಳಾಸ ನರ್ಸಿಗೆ ಬೇಕು, ತಿಂಗಳ ವರದಿ ನೋಡುವ ಅಧಿಕಾರಿಗೆ ಸಂಖ್ಯೆ ಸಾಕು. ಯಾರಿಗೆ ಎಷ್ಟು ಬೇಕೋ ಅಷ್ಟೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿದೆ. ಆ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ನಮ್ಮ ಕೈಯಲ್ಲೂ ಇದೆ

ಶಾಲೆಯ ಆರೋಗ್ಯ ತಪಾಸಣೆಯ ಪಟ್ಟಿ ನಮ್ಮ ಬೀರುವಿನಲ್ಲೇ ಇರುತ್ತದಲ್ಲ? ಮಕ್ಕಳ ತೂಕ, ರಕ್ತಹೀನತೆ, ಕಣ್ಣಿನ ದೋಷ ಎಲ್ಲವೂ ಅದರಲ್ಲಿದೆ. ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಡಿ, ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ತರಗತಿಯಲ್ಲಿ ಗಟ್ಟಿಯಾಗಿ ಓದಬೇಡಿ. ಹೆಸರು ಬಿಟ್ಟು "ಎಂಟನೇ ತರಗತಿಯ ಒಂದು ಹುಡುಗಿಗೆ" ಅಂದರೂ, ಆ ತರಗತಿಯಲ್ಲಿ ಮೂರೇ ಹುಡುಗಿಯರಿದ್ದರೆ ಮಧ್ಯಾಹ್ನದ ಊಟದೊಳಗೆ ಶಾಲೆಗೆಲ್ಲ ಗೊತ್ತು. ಲೆಕ್ಕ ಕಲಿಸಿದ ಮೇಲೆ ಮಕ್ಕಳೇ ಇದನ್ನು ನಮಗೆ ಹೇಳುತ್ತಾರೆ.